ರಟ್ಟಿನಿಂದ ಬಂದ ಅಳತೆ

ವಿಮ್ ಸಂಪಾದಕಕ್ಕೆಂದು ನಾನು ಬರೆದಿಟ್ಟುಕೊಂಡಿರುವ ಹೊಂದಿಕೆಯ ಫೈಲು ತೀರ ಚಿಕ್ಕದು. ಒಂದೊಂದು ಬಗೆಯ ಫೈಲಿಗೆ ಸಾಲಿನ ಅಗಲ ಎಷ್ಟಿರಬೇಕು ಎಂಬುದು ಅದರಲ್ಲಿದೆ. ಪೈಥಾನ್‌ಗೆ 79. ಇಮೇಲಿಗೆ 72. ಗಿಟ್‌ನಲ್ಲಿ ಬದಲಾವಣೆಯ ಟಿಪ್ಪಣಿ ಬರೆಯುವಾಗಲೂ 72. ಹಳೆಯ ಫೋರ್ಟ್ರಾನ್ ಆದರೆ 72ನೇ ಮನೆಯಿಂದಾಚೆ ಒಂದು ಅಕ್ಷರವೂ ಹೋಗಕೂಡದು. ಮಾರ್ಕ್‌ಡೌನ್‌ನಲ್ಲಿ ಬರೆದ ಕೈಪಿಡಿಗೆ ಸೊನ್ನೆ, ಅಂದರೆ ಮಿತಿಯೇ ಇಲ್ಲ. ಸಾಲು ಪರದೆಯ ಅಂಚಿಗೆ ಬಂದಾಗ ಕಣ್ಣಿಗಷ್ಟೇ ಮಡಿಚಿ ಕಾಣಲಿ. ಸಿಎಸ್‌ವಿ ಪಟ್ಟಿಗೂ ಸೊನ್ನೆ, ಅಲ್ಲಿ ಮಡಿಚಿ ತೋರಿಸುವುದೂ ಬೇಡ. ಎಷ್ಟೇ ಉದ್ದವಿದ್ದರೂ ಸಾಲು ಬಲಕ್ಕೆ ಹರಿದುಹೋಗಲಿ.

ಶರವಣಂಪಟ್ಟಿಯ ನಮ್ಮ ಆಫೀಸಿಗೆ ಹೊಸದಾಗಿ ಸೇರುವ ಮಕ್ಕಳು ಈ ಫೈಲನ್ನು ಹಾಗೆಹಾಗೇ ನಕಲು ಮಾಡಿಕೊಳ್ಳುತ್ತಾರೆ. 72 ಯಾಕೆ, 79 ಯಾಕೆ ಎಂದು ಕೇಳುವವರು ಅಪರೂಪ. ಕೇಳಿದವರಿಗೆ ನಾನು ಹೇಳುವ ಉತ್ತರ ಉದ್ದವಾಗಿಬಿಡುತ್ತದೆ. ಈ ಒಂದೊಂದು ಸಂಖ್ಯೆಯ ಹಿಂದೆಯೂ ಒಂದು ಯಂತ್ರವಿದೆ. ಒಂದರ ಹಿಂದೆ ಒಂದು ಹಿಡಿದು ಹಿಂದಕ್ಕೆ ಹೋದರೆ ಕೊನೆಗೆ ಸಿಗುವುದು ರೇಷ್ಮೆಯ ಮಗ್ಗ. ನಾನು ಮಗ್ಗದ ಮನೆಯಿಂದ ಬಂದವಳು. ಈಗ ಸಾಫ್ಟ್‌ವೇರ್‌ಗೆ ಕೈಪಿಡಿ ಬರೆಯುವುದು, ಅದರ ಪರದೆಯ ಮಾತುಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಎರಡು ಕಸುಬಿನ ನಡುವೆ ಇಷ್ಟು ನೇರವಾದ ದಾರಿ ಇದೆಯೆಂದು ತಿಳಿದ ಮೇಲೆ ಅದನ್ನು ಬರೆಯದೆ ಇರಲಾಗಲಿಲ್ಲ.

ದಾರಿ ಎಂದೆ. ನಿಜವಾದ ದಾರಿಯೂ ಒಂದಿದೆ. ಬೆಂಗಳೂರಿನಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಚಾಮರಾಜನಗರ ದಾಟಿ, ದಿಂಬಂ ಘಾಟಿಯ 27 ತಿರುವು ಇಳಿದು, ಬಣ್ಣಾರಿ, ಸತ್ಯಮಂಗಲ, ಅನ್ನೂರು, ಕೋವಿಲ್‌ಪಾಳ್ಯ ಹಾದು ಬರುವ ಹೆದ್ದಾರಿ ಕೊಯಮತ್ತೂರಿನೊಳಗೆ ಕಾಲಿಡುವುದು ಶರವಣಂಪಟ್ಟಿಯಲ್ಲಿ. ಇಲ್ಲಿಯ ಜನ ಅದನ್ನು ಸತ್ಯ ರೋಡ್ ಅನ್ನುತ್ತಾರೆ. ನನ್ನ ಹುಟ್ಟೂರು ಕೊಳ್ಳೇಗಾಲವೂ ಈಗ ನಾನು ದುಡಿಯುವ ಊರೂ ಒಂದೇ ರಸ್ತೆಯ ಮೇಲಿವೆ. 1956ರ ನವೆಂಬರ್ 1ರವರೆಗೆ ಎರಡೂ ಒಂದೇ ಜಿಲ್ಲೆಯಲ್ಲೂ ಇದ್ದವು. 1799ರಲ್ಲಿ ಟಿಪ್ಪು ಸತ್ತು ಈ ಸೀಮೆ ಇಂಗ್ಲಿಷರ ಕೈಗೆ ಹೋದಾಗ ಕೊಳ್ಳೇಗಾಲ ಮೈಸೂರಿಗೆ ಸೇರದೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಯ ಪಾಲಾಯಿತು. ರಾಜ್ಯಗಳ ಪುನರ್ವಿಂಗಡಣೆಯಾಗುವ ತನಕ ನಮ್ಮ ತಾತಂದಿರ ಕಾಗದಪತ್ರವೆಲ್ಲ ಕೊಯಮತ್ತೂರಿನ ಹೆಸರಿನಲ್ಲೇ ನಡೆಯಿತು. ಗೆರೆ ಬದಲಾದರೂ ನೇಯುವವರ ನಂಟು ಹರಿಯಲಿಲ್ಲ. ಕೊಯಮತ್ತೂರು ಜಿಲ್ಲೆಯ ನೇಗಮಂ, ಸಿರುಮುಗೈ ಕಡೆ ಕನ್ನಡ ಮಾತಾಡುವ ದೇವಾಂಗರ ಮನೆಗಳು ಇವತ್ತಿಗೂ ಇವೆ. ಮನೆದೇವರು ಚೌಡೇಶ್ವರಿ, ಮನೆಮಾತು ಕನ್ನಡ, ಓದುಬರಹ ತಮಿಳು. ನೇಗಮಂ ಹತ್ತಿ ಸೀರೆಗೆ 2023ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿತು.

ಕೊಯಮತ್ತೂರು ನಗರದ ಬೆಳವಣಿಗೆಯ ಕತೆಯೂ ನೂಲಿನದೇ. 1888ರಲ್ಲಿ ರಾಬರ್ಟ್ ಸ್ಟೇನ್ಸ್ ಕಟ್ಟಿದ ಗಿರಣಿ, ಆಮೇಲೆ 1930ರ ದಶಕದಲ್ಲಿ ನೀಲಗಿರಿಯ ಪೈಕಾರಾದಿಂದ ಇಳಿದು ಬಂದ ಕರೆಂಟು, ಅದನ್ನು ನಂಬಿ ಎದ್ದ ಗಿರಣಿಗಳ ಸಾಲು. ಶರವಣಂಪಟ್ಟಿ ಆಗ ಸತ್ಯ ರೋಡಿನ ಮಗ್ಗುಲಿನ ಹಳ್ಳಿ. 1984ರಲ್ಲಿ ಪಕ್ಕದ ಚಿನ್ನವೇಡಂಪಟ್ಟಿಯಲ್ಲಿ ಕುಮರಗುರು ಎಂಜಿನಿಯರಿಂಗ್ ಕಾಲೇಜು ಶುರುವಾಯಿತು. ಅಲ್ಲಿ ಕಂಪ್ಯೂಟರ್ ವಿಭಾಗವೂ ಇದೆ, ಜವಳಿ ವಿಭಾಗವೂ ಇದೆ. ಊರಿನ ದೊಡ್ಡ ಐಟಿ ಆವರಣಗಳಲ್ಲಿ ಒಂದಾದ ಕೆಜಿಐಎಸ್‌ಎಲ್, ಹತ್ತಿ ಗಿರಣಿ ನಡೆಸುತ್ತಿದ್ದ ಕೆ.ಜಿ. ಸಮೂಹದ್ದು. ಕೀರನತ್ತಂ ಕಡೆ ವಿಶೇಷ ಆರ್ಥಿಕ ವಲಯ ಬಂತು. 2011ರಲ್ಲಿ ಶರವಣಂಪಟ್ಟಿ ಕೊಯಮತ್ತೂರು ಪಾಲಿಕೆಯೊಳಗೆ ಸೇರಿತು. ಗಿರಣಿಯ ದುಡ್ಡು ಸಾಫ್ಟ್‌ವೇರಿಗೆ ತಿರುಗಿದ್ದು ಇಲ್ಲಿ ಎಲ್ಲರಿಗೂ ಗೊತ್ತು. ಆದರೆ ಮಗ್ಗದ ಅಳತೆಯೊಂದು ಸಾಫ್ಟ್‌ವೇರಿನೊಳಗೇ ಕೂತಿದೆ ಎಂಬುದು ಯಾರ ಬಾಯಲ್ಲೂ ಬರುವುದಿಲ್ಲ.

ಮಗ್ಗದಿಂದಲೇ ಶುರು ಮಾಡುತ್ತೇನೆ. ಬುಟ್ಟಾ ಇಲ್ಲದ ಸೀರೆ ನೇಯಲು ಕಾಲುಮಣೆ ಸಾಕು. ಅಂಚಿನಲ್ಲಿ ನವಿಲು, ಸೆರಗಿನಲ್ಲಿ ಮಾವಿನಕಾಯಿ ಬರಬೇಕಾದರೆ ಹಾಸಿನ ಸಾವಿರಾರು ಎಳೆಗಳಲ್ಲಿ ಯಾವುದು ಮೇಲೇಳಬೇಕು, ಯಾವುದು ಕೆಳಗೇ ಉಳಿಯಬೇಕು ಎಂದು ಪ್ರತಿ ಹೊಕ್ಕಿಗೂ ಹೊಸದಾಗಿ ಹೇಳಬೇಕು. ಅದನ್ನು ಹೇಳುವುದು ಮಗ್ಗದ ನೆತ್ತಿಯ ಮೇಲಿರುವ ಜಕಾರ್ಡ್ ಪೆಟ್ಟಿಗೆ. ನಮ್ಮ ಮನೆಯಲ್ಲಿದ್ದದ್ದು 240 ಹುಕ್ಕಿನದು. ರಟ್ಟಿನ ಪಟ್ಟಿಗಳಿಗೆ ತೂತು ಹೊಡೆದು, ಒಂದಕ್ಕೊಂದು ದಾರದಲ್ಲಿ ಹೆಣೆದು ಮಾಲೆ ಮಾಡಿ ಅದರ ಮೇಲೆ ಹಾಯಿಸಿರುತ್ತಾರೆ. ಒಂದು ರಟ್ಟಿಗೆ ಒಂದು ಹೊಕ್ಕು. ಅಪ್ಪ ಕಾಲು ಒತ್ತಿದರೆ ಒಂದು ರಟ್ಟು ಮುಂದೆ ಸರಿದು ಸೂಜಿಗಳ ಸಾಲಿಗೆ ಒತ್ತಿಕೊಳ್ಳುತ್ತದೆ. ತೂತು ಇದ್ದಲ್ಲಿ ಸೂಜಿ ಒಳಗೆ ನುಗ್ಗುತ್ತದೆ, ಅದರ ಹುಕ್ಕು ಜಾಗದಲ್ಲೇ ನಿಂತು ಎಳೆಯನ್ನು ಮೇಲೆತ್ತುತ್ತದೆ. ತೂತಿಲ್ಲದಲ್ಲಿ ರಟ್ಟು ಸೂಜಿಯನ್ನು ಹಿಂದೆ ತಳ್ಳುತ್ತದೆ, ಹುಕ್ಕು ಜಾರುತ್ತದೆ, ಎಳೆ ಕೆಳಗೇ ಇರುತ್ತದೆ. ಲಾಳಿ ನಡುವೆ ಹಾಯುತ್ತದೆ, ಹಣಿಗೆ ಬಡಿಯುತ್ತದೆ, ಮುಂದಿನ ರಟ್ಟು ಬರುತ್ತದೆ.

ಹೊಸ ಮಾಲೆ ಬಂದ ದಿನ ಅಪ್ಪ ಮೊದಲು ರಟ್ಟುಗಳನ್ನು ಬೆಳಕಿಗೆ ಹಿಡಿದು ಒಂದೊಂದನ್ನೂ ನೋಡುತ್ತಿದ್ದರು. ಒಂದು ತೂತು ತಪ್ಪಿದರೂ ಆ ತಪ್ಪು ಪ್ರತಿ ನವಿಲಿನ ಅದೇ ಗರಿಯಲ್ಲಿ ಬರುತ್ತದೆ. ಒಂದು ಸೀರೆಗೆ ಎಷ್ಟು ರಟ್ಟು ಬೇಕಪ್ಪಾ ಎಂದು ಕೇಳಿದರೆ, "ಸೆರಗು ನೋಡ್ಕೊಂಡು ಹೇಳ್ಬೇಕು ಕಣವ್ವ" ಅನ್ನುತ್ತಿದ್ದರು. ಅಂಚಿನ ರಟ್ಟು ತಿರುತಿರುಗಿ ಬರುತ್ತದೆ, ಸೆರಗಿನದು ಬೇರೆಯೇ ಮಾಲೆ. ನೇಯ್ಗೆಯ ಬಗೆಗೆ ತಕ್ಕ ಮಾಲೆ ಬದಲಿಸುವುದು, ಮಗ್ಗ ಮಾತ್ರ ಅದೇ.

ಈ ಪೆಟ್ಟಿಗೆಗೆ ಹೆಸರು ಕೊಟ್ಟವನು ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಮರಿ ಜಕಾರ್ಡ್; ವರ್ಷ 1804. ತೂತಿನ ಉಪಾಯ ಅವನಿಗಿಂತ ಹಳೆಯದು. 1725ರಲ್ಲಿ ಅದೇ ಊರಿನ ಬೂಶೋನ್ ಕಾಗದದ ಸುರುಳಿಗೆ ತೂತು ಹೊಡೆದಿದ್ದ, ಅವನ ಜೊತೆಗಾರ ಫಾಲ್ಕನ್ ಸುರುಳಿಯ ಬದಲು ರಟ್ಟು ತಂದಿದ್ದ. ಜಕಾರ್ಡ್ ಅದನ್ನು ಒಬ್ಬನೇ ನೇಕಾರ ನಡೆಸಬಹುದಾದ ಯಂತ್ರವಾಗಿ ಕೂಡಿಸಿದ. 1839ರಲ್ಲಿ ಅವನದೇ ಚಿತ್ರವನ್ನು ರೇಷ್ಮೆಯಲ್ಲಿ ನೇಯಲು ಸುಮಾರು 24,000 ರಟ್ಟು ಬೇಕಾದವು. ಅದರ ಒಂದು ಪ್ರತಿ ಲಂಡನ್ನಿನ ಚಾರ್ಲ್ಸ್ ಬ್ಯಾಬೇಜ್ ಮನೆಯಲ್ಲಿತ್ತು. ತನ್ನ ಲೆಕ್ಕದ ಯಂತ್ರಕ್ಕೆ ಆಜ್ಞೆ ಕೊಡಲು ಅವನು ಯೋಚಿಸಿದ್ದೂ ಅದೇ ರಟ್ಟು. ಆ ಯಂತ್ರ ಪೂರ್ತಿಯಾಗಲಿಲ್ಲ. ಅಮೆರಿಕದ 1890ರ ಜನಗಣತಿಯಲ್ಲಿ ಹರ್ಮನ್ ಹಾಲರಿತ್ ಅದೇ ಉಪಾಯವನ್ನು ಕೆಲಸಕ್ಕೆ ಹಚ್ಚಿದ. ತನಗೆ ಹೊಳೆದದ್ದು ರೈಲಿನ ಕಂಡಕ್ಟರು ಟಿಕೆಟ್ಟಿಗೆ ತೂತು ಹೊಡೆಯುವುದನ್ನು ನೋಡಿ ಎಂದು ಅವನು ಹೇಳಿಕೊಂಡಿದ್ದಾನೆ. ಆದರೆ ತೂತಿನ ರಟ್ಟು ಯಂತ್ರಕ್ಕೆ ಮಾತು ಹೇಳಬಲ್ಲದು ಎಂದು ಲೋಕಕ್ಕೆ ತೋರಿಸಿಕೊಟ್ಟು ಆಗಲೇ ಎಂಬತ್ತಾರು ವರ್ಷವಾಗಿತ್ತು, ತೋರಿಸಿದವರು ನೇಕಾರರು.

ಹಾಲರಿತ್‌ನ ಕಂಪನಿ ಇನ್ನೆರಡರ ಜೊತೆ ಬೆರೆತು, 1924ರಲ್ಲಿ ಐಬಿಎಂ ಎಂಬ ಹೆಸರು ಪಡೆಯಿತು. ಆಗ ಅದರ ಕಾರ್ಡಿನಲ್ಲಿ ದುಂಡು ತೂತಿನ 45 ಕಂಬಸಾಲು ಇದ್ದವು. 1928ರಲ್ಲಿ ತೂತನ್ನು ದುಂಡಗಿನ ಬದಲು ಉದ್ದನೆಯ ಕಿಂಡಿಯಾಗಿ ಮಾಡಿದರು. ಅದೇ ಕಾರ್ಡಿನಲ್ಲಿ ಈಗ 80 ಕಂಬಸಾಲು ಹಿಡಿದವು. ಏಳು ಅಂಗುಲಕ್ಕಿಂತ ಸ್ವಲ್ಪ ಹೆಚ್ಚು ಉದ್ದ, ಮೂರೂಕಾಲು ಅಂಗುಲ ಅಗಲದ ರಟ್ಟು. ಒಂದು ಕಂಬಸಾಲಿಗೆ ಒಂದು ಅಕ್ಷರ. ಎಂಬತ್ತು ಎಂಬ ಸಂಖ್ಯೆ ಹುಟ್ಟಿದ್ದು ಅಲ್ಲಿ. ಓದುವವರ ಕಣ್ಣಿಗೆ ಎಷ್ಟು ಉದ್ದದ ಸಾಲು ಹಿತ ಎಂದು ಯಾರೂ ಅಳೆದು ನೋಡಿದ್ದಲ್ಲ. ಆ ಅಳತೆಯ ರಟ್ಟಿನಲ್ಲಿ, ರಟ್ಟು ಹರಿಯದಂತೆ, ಎಷ್ಟು ಕಿಂಡಿ ಹಿಡಿಯುತ್ತವೆ ಎಂಬುದಷ್ಟೇ.

1957ರಲ್ಲಿ ಫೋರ್ಟ್ರಾನ್ ಬಂದಾಗ ಪ್ರೋಗ್ರಾಮಿನ ಒಂದು ಸಾಲು ಎಂದರೆ ಒಂದು ಕಾರ್ಡು. ಮೊದಲ ಐದು ಮನೆ ಸಾಲಿನ ಗುರುತಿಗೆ, ಆರನೆಯದು ಹಿಂದಿನ ಕಾರ್ಡಿನ ಮುಂದುವರಿಕೆ ಎಂದು ತೋರಿಸಲು, ಏಳರಿಂದ ಎಪ್ಪತ್ತೆರಡು ಆಜ್ಞೆಗೆ. ಉಳಿದ ಎಂಟು ಮನೆಗೆ ಕಾರ್ಡಿನ ಕ್ರಮಸಂಖ್ಯೆ, ಕಟ್ಟು ಕೈಜಾರಿ ನೆಲಕ್ಕೆ ಬಿದ್ದರೆ ಮತ್ತೆ ಜೋಡಿಸಲು. 72ಕ್ಕೆ ನಿಂತದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಐಬಿಎಂ 704 ಯಂತ್ರದ ಒಂದು ಪದಕ್ಕೆ 36 ಬಿಟ್. ಅದರ ಕಾರ್ಡು ಓದುವ ಭಾಗ ಒಂದು ಅಡ್ಡಸಾಲಿನಲ್ಲಿ ಎರಡು ಪದ, ಅಂದರೆ 72 ಮನೆ ಮಾತ್ರ ಓದುತ್ತಿತ್ತು. ನಮ್ಮ ದೇಶಕ್ಕೂ ಈ ರಟ್ಟು ಬಂತು. 1963ರಲ್ಲಿ ಕಾನ್ಪುರದ ಐಐಟಿಗೆ ಐಬಿಎಂ 1620 ಬಂದಾಗ ಒಂದು ತಲೆಮಾರಿನ ಎಂಜಿನಿಯರುಗಳು ಪ್ರೋಗ್ರಾಮ್ ಕಲಿತದ್ದು ಇಂಥ ಕಾರ್ಡುಗಳ ಮೇಲೆ. ನಮ್ಮ ಆಫೀಸಿನಲ್ಲಿ ಇವತ್ತಿಗೂ ಒಂದು ಹಳೆಯ ಲೆಕ್ಕದ ಪ್ರೋಗ್ರಾಮು ಆ ಕಾಲದ ಅಚ್ಚಿನಲ್ಲೇ ಇದೆ. ಅದರ ಸಾಲು 72 ದಾಟಿದರೆ ಕಂಪೈಲರ್ ದಾಟಿದ್ದನ್ನು ತೆಪ್ಪಗೆ ಬಿಟ್ಟುಬಿಡುತ್ತದೆ, ತಪ್ಪು ಎಂದೂ ಹೇಳುವುದಿಲ್ಲ. ಆದ್ದರಿಂದಲೇ ನನ್ನ ಹೊಂದಿಕೆಯಲ್ಲಿ ಫೋರ್ಟ್ರಾನಿನ ಸಾಲು ಎಲ್ಲಕ್ಕಿಂತ ಬಿಗಿ.

ಇನ್ನೊಂದು ಕವಲು ಟೈಪ್‌ರೈಟರಿನದು. ಬಲಗಡೆಯ ಅಂಚು ಕೆಲವು ಅಕ್ಷರ ದೂರ ಇದೆ ಎನ್ನುವಾಗ ಗಂಟೆ ಬಾರಿಸುತ್ತದೆ. ಪದ ಮುಗಿಸುವುದೋ, ನಡುವೆ ಮುರಿಯುವುದೋ ಟೈಪಿಸ್ಟ್ ತೀರ್ಮಾನ ಮಾಡಬೇಕು. ಸನ್ನೆ ಎಳೆದರೆ ಬಂಡಿ ಬಲಕ್ಕೆ ಸರಿದು ಸಾಲಿನ ಮೊದಲಿಗೆ ಮರಳುತ್ತದೆ, ಕಾಗದ ಒಂದು ಸಾಲು ಮೇಲೆ ಸರಿಯುತ್ತದೆ. 1963ರ ಟೆಲಿಟೈಪ್ 33ರಲ್ಲಿ ಈ ಎರಡು ಕೆಲಸಕ್ಕೆ ಎರಡು ಬೇರೆ ಸಂಕೇತ. ಸೆಕೆಂಡಿಗೆ ಹತ್ತು ಅಕ್ಷರ ಬಡಿಯುವ, ಒಂದು ಸಾಲಿಗೆ 72 ಅಕ್ಷರ ಹಿಡಿಯುವ ಯಂತ್ರ ಅದು. ವಿಂಡೋಸಿನ ಫೈಲುಗಳಲ್ಲಿ ಪ್ರತಿ ಸಾಲಿನ ಕೊನೆಗೆ ಇವತ್ತಿಗೂ ಆ ಎರಡೂ ಸಂಕೇತ ಜೋಡಿಯಾಗಿ ಇರುತ್ತವೆ, ಯುನಿಕ್ಸಿನಲ್ಲಿ ಒಂದೇ. ಕಾಗದದ ಬದಲು ಗಾಜಿನ ಪರದೆ ಬಂದಾಗಲೂ ಕಾರ್ಡಿನ ಅಗಲ ಹೋಗಲಿಲ್ಲ. 1971ರ ಐಬಿಎಂ 3270, 1978ರ ವಿಟಿ100, ಎರಡರಲ್ಲೂ ಸಾಲಿಗೆ 80 ಮನೆ. ಕಾರ್ಡಿನಲ್ಲಿದ್ದದ್ದನ್ನು ಪರದೆಯ ಮೇಲೆ ತೋರಿಸಬೇಕಿತ್ತಲ್ಲ.

ಸಾಲನ್ನು ತಾನೇ ಮುರಿಯುವ ಕೆಲಸ ಮೊದಲು ಕಲಿತದ್ದು ಸಂಪಾದಕವಲ್ಲ, ಅಚ್ಚಿಗೆ ಅಣಿಗೊಳಿಸುವ ಪ್ರೋಗ್ರಾಮು. 1964ರಲ್ಲಿ ಎಂಐಟಿಯ ಜೆರೋಮ್ ಸಾಲ್ಟ್‌ಜರ್ ಬರೆದ ರನ್ಆಫ್, ಹೇಗೆಂದರೆ ಹಾಗೆ ಬರೆದ ಸಾಲುಗಳನ್ನು ಒಟ್ಟು ಮಾಡಿ ಸಮನಾಗಿ ತುಂಬಿ ಅಚ್ಚು ಹಾಕುತ್ತಿತ್ತು. 1976ರಲ್ಲಿ ಎರಡು ಸಂಪಾದಕಗಳು ಬಂದವು. ಬರ್ಕ್ಲಿಯಲ್ಲಿ ಬಿಲ್ ಜಾಯ್ ಬರೆದ ವಿಐ, ಎಂಐಟಿಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಮತ್ತು ಗೈ ಸ್ಟೀಲ್ ಕೂಡಿಸಿದ ಈಮ್ಯಾಕ್ಸ್. ವಿಐ ಬಲ ಅಂಚಿನಿಂದ ಎಣಿಸುತ್ತಿತ್ತು: ಅಂಚು ಇಷ್ಟು ಮನೆ ದೂರ ಇದ್ದಾಗ ಮುರಿ ಎಂದು ಹೇಳಿಡಬೇಕು. ಟೈಪ್‌ರೈಟರಿನ ಗಂಟೆಯ ಲೆಕ್ಕವೇ ಅದು. ಈಮ್ಯಾಕ್ಸ್ ಎಡದಿಂದ ಎಣಿಸುತ್ತದೆ; ಅದರ ಹುಟ್ಟಿನ ಅಳತೆ 70. ಬಲದಿಂದ ಎಣಿಸುವ ರೀತಿಯಲ್ಲಿ ಒಂದು ತೊಡಕಿತ್ತು. ಕಿಟಕಿ ದೊಡ್ಡದಾದರೆ ಸಾಲೂ ಉದ್ದವಾಗುತ್ತದೆ, ಒಬ್ಬೊಬ್ಬರ ಪರದೆಗೆ ಒಂದೊಂದು ಫೈಲು. ಎಡದಿಂದ ಎಣಿಸುವುದೇ ಉಳಿದುಕೊಂಡಿತು. ನೆದರ್ಲೆಂಡ್ಸಿನ ಬ್ರಾಮ್ ಮೂಲೆನಾರ್ 1991ರಲ್ಲಿ ಅಮಿಗಾ ಕಂಪ್ಯೂಟರಿಗೆಂದು ಹೊರಬಿಟ್ಟ ವಿಮ್‌ನಲ್ಲಿ ಹಳೆಯ ಗಂಟೆಯ ಲೆಕ್ಕವೂ ಇದೆ, ಟೆಕ್ಸ್ಟ್‌ವಿಡ್ತ್ ಎಂಬ ಎಡದ ಲೆಕ್ಕವೂ ಇದೆ. ಎರಡೂ ಇದ್ದರೆ ಟೆಕ್ಸ್ಟ್‌ವಿಡ್ತ್ ಮಾತು ಮೇಲು. ಮೂಲೆನಾರ್ 2023ರಲ್ಲಿ ತೀರಿಕೊಂಡರು. ಮೂವತ್ತೆರಡು ವರ್ಷ ಒಂದೇ ಸಂಪಾದಕವನ್ನು ತಿದ್ದಿ ತೀಡಿದ ಆ ಮನುಷ್ಯನ ಮೇಲೆ ನನಗೆ ಕಸುಬುದಾರನ ಮೇಲಿನ ಗೌರವವಿದೆ.

ಫೈಲಿನ ಬಗೆಗೆ ತಕ್ಕ ಅಗಲ ಎಂಬುದು ಆಮೇಲೆ ಬಂದದ್ದು. ಒಬ್ಬರೇ ಒಂದೇ ಕಿಟಕಿಯಲ್ಲಿ ಬೆಳಿಗ್ಗೆ ಪ್ರೋಗ್ರಾಮು, ಮಧ್ಯಾಹ್ನ ಪತ್ರ, ಸಂಜೆ ಕೈಪಿಡಿ ಬರೆಯತೊಡಗಿದಾಗ ಒಂದೇ ಅಳತೆ ಎಲ್ಲಕ್ಕೂ ಒಗ್ಗಲಿಲ್ಲ. ಈಮ್ಯಾಕ್ಸ್ ತನ್ನ ಬಗೆಬಗೆಯ ಮೋಡ್‌ಗಳಲ್ಲಿ ಇದಕ್ಕೆ ಮೊದಲೇ ಜಾಗ ಇಟ್ಟಿತ್ತು. ವಿಮ್ 2001ರ ಆರನೇ ಆವೃತ್ತಿಯಲ್ಲಿ ಒಂದೊಂದು ಬಗೆಯ ಫೈಲಿಗೂ ಬೇರೆ ಹೊಂದಿಕೆಯ ಕಡತ ಇಡುವ ಏರ್ಪಾಡು ಮಾಡಿತು. ಫೈಲಿನ ಹೆಸರಿನ ಬಾಲ ನೋಡಿ, ಅದು ಸಾಲದಿದ್ದರೆ ಒಳಗಿನ ಮೊದಲ ಸಾಲು ನೋಡಿ, ಇದು ಇಂಥದು ಎಂದು ಗುರುತಿಸುತ್ತದೆ. ಆ ಹೆಸರಿನ ಕಡತವನ್ನು ಓದಿ ಆ ಒಂದು ಫೈಲಿಗೆ ಮಾತ್ರ ಅನ್ವಯಿಸುತ್ತದೆ. ಇಮೇಲಿಗೆ, ಗಿಟ್ ಟಿಪ್ಪಣಿಗೆ 72 ಎಂದು ವಿಮ್ ತಾನೇ ಬರೆದುಕೊಂಡು ಬರುತ್ತದೆ. ಅಪ್ಪ ಅಂಚಿನ ಮಾಲೆ ತೆಗೆದು ಸೆರಗಿನ ಮಾಲೆ ಏರಿಸುತ್ತಿದ್ದದ್ದು ನನಗೆ ಇಲ್ಲಿ ಪ್ರತಿ ಸಲ ನೆನಪಾಗುತ್ತದೆ.

ಆ 72ಕ್ಕೆ ಇರುವ ಕಾರಣ ಫೋರ್ಟ್ರಾನಿನದಲ್ಲ. ಇಮೇಲಿಗೆ ಉತ್ತರ ಬರೆದಾಗ ಹಿಂದಿನ ಪತ್ರದ ಪ್ರತಿ ಸಾಲಿನ ಮುಂದೆ ಒಂದು ಗುರುತು ಬೀಳುತ್ತದೆ, ಉತ್ತರಕ್ಕೆ ಉತ್ತರ ಬರೆದರೆ ಎರಡು. ನಾಲ್ಕು ಸಲ ಹೋಗಿಬಂದರೂ ಸಾಲು 80 ದಾಟಬಾರದು ಎಂದು ಎಂಟು ಮನೆ ಬಿಟ್ಟರು. ಗಿಟ್ ತನ್ನ ಚರಿತ್ರೆ ತೋರಿಸುವಾಗ ಟಿಪ್ಪಣಿಯನ್ನು ನಾಲ್ಕು ಮನೆ ಒಳಕ್ಕೆ ಸರಿಸುತ್ತದೆ. ಬಲಗಡೆಯೂ ನಾಲ್ಕು ಬಿಟ್ಟರೆ ಉಳಿಯುವುದು 72. ಪೈಥಾನಿನ 2001ರ ಶೈಲಿ ನಿಯಮದ 79ಕ್ಕೂ ಹಾಗೇ. ಸರಿಯಾಗಿ 80 ಇದ್ದರೆ 80 ಮನೆಯ ಪರದೆಯಲ್ಲಿ ಸಾಲು ಮಡಿಚಿಕೊಂಡು ಕಣ್ಣಿಗೆ ಅಡ್ಡ ಬರುತ್ತದೆ, ಅದಕ್ಕೆ ಒಂದು ಕಡಿಮೆ. ಇವೆಲ್ಲ 80ರಲ್ಲಿ ಕಳೆದ ಲೆಕ್ಕಗಳು. ಲಿನಕ್ಸ್ ತಿರುಳಿನ ಕೆಲಸದವರು 2020ರಲ್ಲಿ ತಮ್ಮ ಎಚ್ಚರಿಕೆಯ ಗೆರೆಯನ್ನು 80ರಿಂದ 100ಕ್ಕೆ ಸರಿಸಿದರು. ಗೋ ಭಾಷೆಯ ಅಂದಗಾರ ಪ್ರೋಗ್ರಾಮಿಗೆ ಸಾಲಿನ ಉದ್ದದ ನಿಯಮವೇ ಇಲ್ಲ.

ಇಲ್ಲಿ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಸಾಲಿನ ಮುರಿತ ಎರಡು ಬಗೆ. ಒಂದು, ಫೈಲಿನೊಳಗೆ ನಿಜವಾಗಿ ಕೂತ ಹೊಸಸಾಲಿನ ಗುರುತು. ಇನ್ನೊಂದು, ಪರದೆ ಕಣ್ಣಿಗೆಂದು ಮಾಡಿ ತೋರಿಸುವ ಮಡಿಕೆ. ಪ್ರೋಗ್ರಾಮಿನಲ್ಲಿ ಮೊದಲನೆಯದಕ್ಕೆ ಅರ್ಥವಿದೆ. ಅದನ್ನು ಬರೆದವರೇ ಹಾಕಬೇಕು, ಸಂಪಾದಕವಲ್ಲ. ಆದ್ದರಿಂದ ಪೈಥಾನಿನಲ್ಲಿ ವಿವರಣೆಯ ಟಿಪ್ಪಣಿ ಮಾತ್ರ ತಾನಾಗಿ ಮುರಿಯುವಂತೆ ಇಟ್ಟಿದ್ದೇನೆ, ಆಜ್ಞೆಯ ಸಾಲನ್ನು ಅದು ಮುಟ್ಟದು. ವಿಮ್‌ನ ಫಾರ್ಮ್ಯಾಟ್ ಆಪ್ಷನ್ಸ್‌ನಲ್ಲಿ ಒಂದು ಅಕ್ಷರ ತೆಗೆದು ಒಂದು ಅಕ್ಷರ ಉಳಿಸಿಕೊಂಡರೆ ಮುಗಿಯಿತು. ಸಿಎಸ್‌ವಿಯಲ್ಲಿ ಹೊಸಸಾಲು ಎಂದರೆ ಹೊಸ ದಾಖಲೆ. ಅಲ್ಲಿ ಸಂಪಾದಕ ಒಂದು ಮುರಿತ ಸೇರಿಸಿದರೆ ಒಬ್ಬರ ವಿಳಾಸದ ಅರ್ಧ ಇನ್ನೊಬ್ಬ ಮನುಷ್ಯನಾಗಿಬಿಡುತ್ತದೆ. ಯಾಮಲ್ ಕಡತದಲ್ಲಿ ಒಂದು ಗುರುತು ಹಾಕಿದರೆ ಮುರಿದ ಸಾಲುಗಳು ಒಂದಾಗಿ ಓದಿಸಿಕೊಳ್ಳುತ್ತವೆ, ಇನ್ನೊಂದು ಹಾಕಿದರೆ ಮುರಿದಂತೆಯೇ ಉಳಿಯುತ್ತವೆ. ಬರಹಕ್ಕೆ, ಅಂದರೆ ಮನುಷ್ಯರು ಓದುವ ವಾಕ್ಯಗಳಿಗೆ, ರಟ್ಟಿನ ಅಳತೆ ಬೇಕಾಗಿಲ್ಲ ಎಂದು ನಾನು ದೃಢವಾಗಿ ನಂಬುತ್ತೇನೆ. 72ಕ್ಕೆ ಮುರಿದ ಪ್ಯಾರಾದಲ್ಲಿ ಒಂದು ಪದ ಸೇರಿಸಿ ಮತ್ತೆ ತುಂಬಿಸಿದರೆ ಕೆಳಗಿನ ಸಾಲುಗಳೆಲ್ಲ ಸರಿಯುತ್ತವೆ. ಬದಲಾದದ್ದು ಒಂದು ಪದ, ಗಿಟ್ ಕೆಂಪು ಹಸಿರಿನಲ್ಲಿ ತೋರಿಸುವುದು ಇಡೀ ಪ್ಯಾರಾ. ತಿದ್ದುಪಡಿ ನೋಡುವವರಿಗೆ ಆ ಒಂದು ಪದ ಸಿಗುವುದೇ ಇಲ್ಲ.

ಇದಕ್ಕೆ ಒಳ್ಳೆಯ ದಾರಿಯನ್ನು ಬ್ರಯನ್ ಕರ್ನಿಗನ್ 1974ರಲ್ಲೇ, ಯುನಿಕ್ಸ್ ಕಲಿಯುವವರಿಗೆಂದು ಬರೆದ ಪಾಠದಲ್ಲಿ ಹೇಳಿದ್ದರು. ಪ್ರತಿ ವಾಕ್ಯವನ್ನೂ ಹೊಸ ಸಾಲಿನಲ್ಲಿ ಶುರು ಮಾಡಿ, ಸಾಲನ್ನು ಮಾತು ತಾನಾಗಿ ನಿಲ್ಲುವಲ್ಲಿ ಮುರಿಯಿರಿ, ಆಮೇಲೆ ತಿದ್ದುವುದು ಸುಲಭ ಎಂಬುದು ಅದರ ಸಾರ. ಅಚ್ಚಿನಲ್ಲಿ ಪ್ಯಾರಾ ಹೇಗೂ ಒಂದಾಗಿ ತುಂಬಿಕೊಳ್ಳುತ್ತದೆ. ನಮ್ಮ ಕೈಪಿಡಿಗಳನ್ನೆಲ್ಲ ನಾನು ಹೀಗೇ ಬರೆಸುತ್ತೇನೆ. ಅಗಲ ಸೊನ್ನೆ, ವಾಕ್ಯಕ್ಕೊಂದು ಸಾಲು, ಕಣ್ಣಿಗೆ ಮಡಿಕೆ.

ಕನ್ನಡಕ್ಕೆ ಬಂದರೆ ಈ ಮಾತಿಗೆ ಇನ್ನಷ್ಟು ಬಲ ಬರುತ್ತದೆ. ನಮ್ಮ ಹಳೆಯ ಶಾಸನಗಳಲ್ಲಿ ಸಾಲು ಮುಗಿಯುವುದು ಕಲ್ಲು ಮುಗಿದಲ್ಲಿ; ಪದ ಅರ್ಧವಾದರೆ ಉಳಿದ ಅಕ್ಷರ ಕೆಳಗಿನ ಸಾಲಿಗೆ. ಓಲೆಗರಿಯಲ್ಲಿ ದಾರ ಪೋಣಿಸುವ ತೂತಿನ ಸುತ್ತ ಜಾಗ ಬಿಟ್ಟು ಬರೆದರು, ಗರಿಯ ಉದ್ದವೇ ಸಾಲಿನ ಉದ್ದ. ಪದಗಳ ನಡುವೆ ಜಾಗ ಬಿಡುವ ರೂಢಿಯೂ ಇರಲಿಲ್ಲ, ಆದ್ದರಿಂದ ಎಲ್ಲಿ ಮುರಿದರೂ ನಡೆಯುತ್ತಿತ್ತು. ಒಂದು ಮಾತ್ರ ಯಾವ ಲಿಪಿಕಾರನೂ ಮಾಡಲಿಲ್ಲ, ಅಕ್ಷರದ ಹೊಟ್ಟೆಯನ್ನು ಸೀಳಲಿಲ್ಲ. ಒತ್ತು ಒಂದು ಸಾಲಿನಲ್ಲಿ, ಅದರ ತಲೆ ಇನ್ನೊಂದು ಸಾಲಿನಲ್ಲಿ ಇರುವ ಶಾಸನವನ್ನು ನಾನಂತೂ ಕಂಡಿಲ್ಲ.

ಅದನ್ನು ಮಾಡಿದ್ದು ಕಂಪ್ಯೂಟರು. ಕಾರ್ಡಿನ ಲೆಕ್ಕದಲ್ಲಿ ಒಂದು ಮನೆಗೆ ಒಂದು ಅಕ್ಷರ. ಕನ್ನಡದಲ್ಲಿ ಹಾಗಿಲ್ಲ. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತು. ಅದರ ಪ್ರಕಾರ 'ಸ್ತ್ರೀ' ಎಂಬ ಒಂದು ಅಕ್ಷರಕ್ಕೆ ಆರು ಸಂಕೇತ ಬೇಕು: ಸ, ವಿರಾಮ, ತ, ವಿರಾಮ, ರ, ದೀರ್ಘ ಈ. ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರು ಬೈಟು, ಒಟ್ಟು ಹದಿನೆಂಟು. 'ಕೊಯಮತ್ತೂರು' ನಮ್ಮ ಬಾಯಿಗೆ ಐದು ಅಕ್ಷರ, ಯೂನಿಕೋಡಿಗೆ ಹತ್ತು ಸಂಕೇತ, ಡಿಸ್ಕಿಗೆ ಮೂವತ್ತು ಬೈಟು. ಹಾಗಾದರೆ 79 ಎಂದರೆ ಎಷ್ಟು? ಬೈಟು ಎಣಿಸುವ ಸಲಕರಣೆಗೆ ಅದು 26 ಸಂಕೇತ, ಎರಡು ಮೂರು ಪದಕ್ಕೆ ಸಾಲು ಮುಗಿದುಹೋಗುತ್ತದೆ. ಸಂಕೇತ ಎಣಿಸುವುದಕ್ಕೆ ಬೇರೆ, ಪರದೆಯ ಮನೆ ಎಣಿಸುವುದಕ್ಕೆ ಇನ್ನೂ ಬೇರೆ. ಟರ್ಮಿನಲ್ ಕಿಟಕಿಯಂತೂ ಎಲ್ಲ ಅಕ್ಷರವನ್ನೂ ಒಂದೇ ಅಗಲದ ಮನೆಗೆ ತುರುಕಲು ನೋಡುತ್ತದೆ, ನಮ್ಮ ಒತ್ತಕ್ಷರ ಅದರಲ್ಲಿ ಹಿಡಿಯುವುದಿಲ್ಲ.

ಯುನಿಕ್ಸಿನ ಫೋಲ್ಡ್ ಎಂಬ ಹಳೆಯ ಆಜ್ಞೆ ಬಹುಕಾಲ ಬೈಟು ಎಣಿಸಿಯೇ ಕತ್ತರಿಸುತ್ತಿತ್ತು. ಮೂರು ಬೈಟಿನ ಸಂಕೇತದ ನಡುವೆ ಕತ್ತರಿ ಬಿದ್ದರೆ ಆ ಅಕ್ಷರದ ಜಾಗದಲ್ಲಿ ಕಪ್ಪು ವಜ್ರದೊಳಗಿನ ಪ್ರಶ್ನೆ ಗುರುತು. ಸಂಕೇತಗಳ ನಡುವೆ ಬಿದ್ದರೂ ಕ್ಷೇಮವಿಲ್ಲ. 'ತ್ತೂ' ನಡುವೆ ಮುರಿದರೆ ಮೇಲೆ ಒಂದು 'ತ್' ಒಂಟಿಯಾಗಿ ನಿಲ್ಲುತ್ತದೆ, ಕೆಳಗೆ 'ತೂ'. ಸ್ವರದ ಗುರುತಿನ ಮುಂಚೆ ಮುರಿದರೆ ಕೆಳಗಿನ ಸಾಲು ಚುಕ್ಕಿಗಳ ಬಳೆಯೊಂದಿಗೆ ಶುರುವಾಗುತ್ತದೆ. ಸಂಪಾದಕಗಳು ಈಗ ಸಾಮಾನ್ಯವಾಗಿ ಜಾಗ ಇದ್ದಲ್ಲಿ ಮಾತ್ರ ಮುರಿಯುತ್ತವೆ, ಯೂನಿಕೋಡಿನ ಸಾಲು ಮುರಿಯುವ ನಿಯಮವೂ ಕನ್ನಡಕ್ಕೆ ಅದನ್ನೇ ಹೇಳುತ್ತದೆ. ಚೀನೀ, ಜಪಾನಿ ಬರಹವನ್ನು ಹೆಚ್ಚುಕಡಿಮೆ ಎಲ್ಲಿ ಬೇಕಾದರೂ ಮುರಿಯಬಹುದು. ಥಾಯ್ ಭಾಷೆಗೆ ಪದಕೋಶ ನೋಡಿ ಮುರಿಯಬೇಕು. ನಮ್ಮ ಕಷ್ಟ ಪದದ ಉದ್ದ. 'ತೆಗೆದುಕೊಳ್ಳಬೇಕಾಗುತ್ತದೆಯೆಂದು' ಎಂಬಂಥ ಪದ ಇಡಿಯಾಗಿ ಕೆಳಗಿಳಿದರೆ ಮೇಲಿನ ಸಾಲಿನ ಅರ್ಧ ಬರಿದು. ಅಚ್ಚಿನವರಿಗೆ ಇದು ಮೊದಲಿನಿಂದ ಗೊತ್ತು. ಮೊಳೆ ಜೋಡಿಸುವವರು ಅಕ್ಷರ ಮುಗಿದಲ್ಲಿ ನೋಡಿ ಪದ ಒಡೆಯುತ್ತಿದ್ದರು. ಆ ತಿಳಿವಳಿಕೆ ಕಂಪ್ಯೂಟರಿಗೆ ಬಂದದ್ದು ತಡವಾಗಿ. ಮಲಯಾಳಂ ನಾಡಿನ ಸಂತೋಷ್ ತೊಟ್ಟಿಂಗಲ್ ಭಾರತದ ಹಲವು ಭಾಷೆಗಳಿಗೆ ಪದ ಒಡೆಯುವ ಮಾದರಿಗಳನ್ನು ಬರೆದರು, ಕನ್ನಡಕ್ಕೂ ಬರೆದರು. ಅವು ಟೆಕ್‌ನಲ್ಲೂ ಲಿಬ್ರೆ ಆಫೀಸಿನಲ್ಲೂ ಕೆಲಸ ಮಾಡುತ್ತವೆ. ಕನ್ನಡ ಪುಸ್ತಕ ಮಾಡುವವರು ಅವರನ್ನು ನೆನೆಯಬೇಕು.

ನನ್ನ ಹೊಂದಿಕೆಯ ಫೈಲಿನಲ್ಲಿ ಕೊನೆಗೆ ಸೇರಿದ್ದು ಪಿಒ ಫೈಲಿನ ಸಾಲು. ಸಾಫ್ಟ್‌ವೇರಿನ ಇಂಗ್ಲಿಷ್ ಮಾತು ಮೇಲೆ, ಅದರ ಕನ್ನಡ ಕೆಳಗೆ, ಎರಡೂ ಉದ್ಧರಣ ಚಿಹ್ನೆಯೊಳಗೆ. ಗ್ನು ಗೆಟ್‌ಟೆಕ್ಸ್ಟ್ 1990ರ ದಶಕದಲ್ಲಿ ರೂಢಿಗೆ ತಂದ ಕ್ರಮ ಇದು. ಕನ್ನಡದ ಲಿನಕ್ಸ್ ಪರದೆಗಳೆಲ್ಲ ಇಂಥ ಫೈಲುಗಳಿಂದಲೇ ಆದವು, ಬಹಳಷ್ಟು ಬಿಡುವಿನ ವೇಳೆಯಲ್ಲಿ ಕೂತವರ ಕೈಯಿಂದ. ಗೆಟ್‌ಟೆಕ್ಸ್ಟ್ ಸಲಕರಣೆಗಳು ಹುಟ್ಟುಗುಣವಾಗಿ ಸಾಲನ್ನು 79ಕ್ಕೆ ಮುರಿಯುತ್ತವೆ. ತುಂಡುಗಳು ಕೊನೆಗೆ ಒಂದಾಗುವುದರಿಂದ ಪರದೆಯ ಮಾತಿಗೆ ತೊಂದರೆಯಿಲ್ಲ. ಆದರೆ ಅನುವಾದ ನೋಡಿ ಒಪ್ಪಿಗೆ ಕೊಡುವ ಹಿರಿಯರು ವಾಕ್ಯವನ್ನು ಒಡೆದ ನಾಲ್ಕು ತುಂಡಾಗಿ ಓದಬೇಕು. ತುಂಡಿನ ಕೊನೆಗಿರುವ ಜಾಗ ಕೈತಪ್ಪಿ ಅಳಿಸಿದರೆ ಎರಡು ಪದ ಅಂಟಿಕೊಳ್ಳುತ್ತವೆ, ಅದು ಕಣ್ಣಿಗೂ ಬೀಳುವುದಿಲ್ಲ. ಮುರಿಯಬೇಡ ಎಂದು ಹೇಳುವ ಆಯ್ಕೆ ಆ ಸಲಕರಣೆಗಳಲ್ಲೇ ಇದೆ, ನಾವು ಅದನ್ನು ಹಾಕಿಯೇ ನಡೆಸುತ್ತೇವೆ. ವಿಮ್‌ನಲ್ಲಿ ಅದಕ್ಕೆ ಜೋಡಿಯಾಗಿ ಬರೆದಿರುವುದು ಇಷ್ಟು: ಪಿಒ ಫೈಲಿಗೆ ಅಗಲ ಸೊನ್ನೆ, ಪರದೆಯ ಮಡಿಕೆ ಇರಲಿ, ಮಡಿಚುವುದು ಜಾಗ ಇದ್ದಲ್ಲಿ ಮಾತ್ರ, ಪದದ ನಡುವೆ ಬೇಡ. ತಮಿಳು ವಿಭಾಗದವರೂ ಅದನ್ನೇ ನಕಲು ಮಾಡಿಕೊಂಡಿದ್ದಾರೆ.